ಕವಳವೂ ಕಳವಳವೂ

ಮಾಗೋಡಿಗೆ ಬರುವ ಪ್ರವಾಸಿಗರು ಬೇಡ್ತಿ ನದಿ ಧುಮುಕುವುದನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ; ಸುತ್ತಲಿನ ಕಣಿವೆಗಳಲ್ಲಿ ತಲೆಯೆತ್ತಿ ನಿಂತ ಅಡಿಕೆಯ ತೋಟಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ಸೀಮೆಯಲ್ಲಿ ಮಕ್ಕಳ ಓದಿನಿಂದ ಮದುವೆಯವರೆಗೆ ಎಷ್ಟೋ ಮನೆಗಳ ಆಧಾರ ಆ ಅಡಿಕೆಯೇ. ಬಂದವರಿಗೆ ಆಸರಿಗೆ ಕೊಟ್ಟು ಕವಳದ ಬಟ್ಟಲನ್ನು ಮುಂದೆ ಸರಿಸದಿದ್ದರೆ ಉಪಚಾರವೇ ಪೂರ್ತಿಯಾಗದು.

ಈ ಕವಳಕ್ಕಿದ್ದ ಗೌರವವೇನು ಸಾಮಾನ್ಯವೆ? ಬಾಯಿಯ ಶುಚಿಗೂ ರುಚಿಗೂ ಧರಿಸತಕ್ಕ ವಸ್ತುಗಳಲ್ಲಿ ಚರಕಸಂಹಿತೆಯು ಅಡಿಕೆಯನ್ನೂ ವೀಳೆಯದೆಲೆಯನ್ನೂ ಹೆಸರಿಸಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ತಾಂಬೂಲದ ಗುಣವನ್ನು ಬಾಯ್ತುಂಬ ಹೊಗಳಿದ್ದಾನೆ. ಉಂಡದ್ದು ಅರಗಲು ಕವಳ ಬೇಕೆಂಬುದು ಹಿರಿಯರ ಸಿದ್ಧಾಂತ.

ಕಾಲಚಕ್ರ ತಿರುಗಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು, ತಂಬಾಕು ಸೇರದಿದ್ದರೂ ಅಡಿಕೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಸಾರಿತು. ಬಹುಕಾಲ ಅಗಿದವರ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿ ತೆರೆಯುವುದೇ ದುಸ್ತರವಾಗುವ ರೋಗವನ್ನು ದಂತವೈದ್ಯರು ಬಲ್ಲರು. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಒಂದು ಕೈ ಹಾರ ಹಾಕಿದರೆ ಇನ್ನೊಂದು ಕೈ ಬೆರಳೆತ್ತಿ ಎಚ್ಚರಿಸುತ್ತಿದೆ!

“ನಮ್ಮ ಅಜ್ಜ ತೊಂಬತ್ತು ವರ್ಷ ಕವಳ ಹಾಕಿದರು, ಏನಾಯಿತು?” ಎಂದು ಕೇಳುವವರುಂಟು. ಬದುಕಿದ ಅಜ್ಜ ಸಾಕ್ಷಿ ಹೇಳಬಲ್ಲರು. ಬದುಕದವರು ಹೇಗೆ ಹೇಳಿಯಾರು? ಅದಿರಲಿ, ಅಜ್ಜನ ಬಟ್ಟಲು ಊಟದ ಬಳಿಕ ನಾಲ್ಕು ಜನರ ನಡುವೆ ತೆರೆಯುತ್ತಿತ್ತು. ಇಂದಿನ ತರುಣನ ಜೇಬಿನ ಪಾನ್ ಮಸಾಲೆಯ ಪೊಟ್ಟಣಕ್ಕೆ ಹೊತ್ತೂ ಇಲ್ಲ, ಗೊತ್ತೂ ಇಲ್ಲ. 2013ರಲ್ಲಿ ನಮ್ಮ ಸರಕಾರವು ಗುಟ್ಕಾವನ್ನು ನಿಷೇಧಿಸಿತಾದರೂ ಚಟವನ್ನು ನಿಷೇಧಿಸುವ ಕಾಯಿದೆ ಇನ್ನೂ ಹುಟ್ಟಿಲ್ಲ.

ಹಾಗೆಂದು ತೋಟಿಗನನ್ನು ಅಪರಾಧಿಯೆಂದು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ತಲೆಮಾರುಗಳಿಂದ ಬೆಳೆದ ತೋಟವನ್ನು ಒಂದು ವರದಿಯ ಮಾತಿಗೆ ಕಡಿಯಲಾದೀತೆ? ಅಡಿಕೆಯ ನೆರಳಲ್ಲಿ ಮೆಣಸು, ಏಲಕ್ಕಿ, ಜಾಯಿಕಾಯಿ, ಬಾಳೆಗಳೂ ಬರುತ್ತವೆ. ಒಂದೇ ಮರಕ್ಕೆ ಸಂಸಾರವನ್ನೆಲ್ಲ ನೇತುಹಾಕದಿರುವುದು ಜಾಣತನ. ಮಂಗಲಕಾರ್ಯದ ಹರಿವಾಣದಲ್ಲಿ ಅಡಿಕೆ ಇರಲಿ. ಹಗಲಿರುಳೂ ಕೆನ್ನೆಯಲ್ಲಿರುವುದು ಬೇಡ.

ಅಡಿಕೆಯ ಹಣದಲ್ಲಿ ಓದಿದವನ ಬಾಯಿಗೆ ಈ ಮಾತು ಶೋಭಿಸದೆಂದು ಬಂಧುಗಳು ಮುನಿದಾರು. ಆದರೆ ವಾಚಕರೇ, ಅವರು ಓದಿಸಿದುದು ಕಂಡ ನಿಜವನ್ನು ಹೇಳಲೆಂದೇ ಅಲ್ಲವೆ?