ಗಡಿ ಬದಲಾದಾಗ ಮನೆ ಒಡೆಯದಿರಲಿ: ಬ್ರೆಕ್ಸಿಟ್ ನಂತರದ ಮಿಶ್ರ ರಾಷ್ಟ್ರೀಯತೆಯ ಕುಟುಂಬಗಳು

ಹೆಣ್ಣುಗಂಡುಗಳ ಸಂಬಂಧ ಕೂಡಿಸುವಾಗ ಮನೆತನ, ವಿದ್ಯೆ, ಉದ್ಯೋಗಗಳನ್ನು ವಿಚಾರಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಬೇರೆ ಬೇರೆ ದೇಶಗಳ ಪೌರರು ಸತಿಪತಿಗಳಾಗುತ್ತಿರುವ ಈ ಕಾಲದಲ್ಲಿ ಅವುಗಳ ಜೊತೆಗೆ ಇನ್ನೆರಡು ಪ್ರಶ್ನೆಗಳು ಸೇರಿಕೊಂಡಿವೆ. ಮದುವೆಯಾದ ಮೇಲೆ ಇವರಿಬ್ಬರೂ ಒಂದೇ ಸೂರಿನಡಿ ಬಾಳಲು ಯಾವ ದೇಶದ ಕಾನೂನು ಅವಕಾಶ ಕೊಡುತ್ತದೆ? ಇಂದು ಕೊಟ್ಟ ಅವಕಾಶ ಮುಂದಿನ ಚುನಾವಣೆಯ ನಂತರವೂ ಉಳಿಯುತ್ತದೆಯೇ? ಬ್ರಿಟನ್ ದೇಶವು ಐರೋಪ್ಯ ಒಕ್ಕೂಟದಿಂದ ಹೊರಬಂದ ಪ್ರಸಂಗವು ಎರಡನೆಯ ಪ್ರಶ್ನೆಗೆ ಸಮಾಧಾನಕರವಲ್ಲದ ಉತ್ತರವನ್ನು ಕೊಟ್ಟಿದೆ. ಬ್ರೆಕ್ಸಿಟ್ ಕುರಿತ ಚರ್ಚೆಯು ಬಹುಪಾಲು ವ್ಯಾಪಾರ, ಸುಂಕ, ಮೀನುಗಾರಿಕೆಗಳ ಸುತ್ತಲೇ ನಡೆಯಿತು. ಪತಿ ಒಂದು ದೇಶದ, ಪತ್ನಿ ಇನ್ನೊಂದು ದೇಶದ ಪ್ರಜೆಯಾಗಿರುವ ಸಂಸಾರಗಳಿಗೆ ಅದರಿಂದ ಏನಾಯಿತೆಂಬುದು ಹಿನ್ನೆಲೆಗೆ ಸರಿಯಿತು. ಆ ಭಾಗವನ್ನು ಪರಿಶೀಲಿಸುವುದು ಈ ಬರೆಹದ ಉದ್ದೇಶ.

ಭಾರತೀಯನೊಬ್ಬನ ಹೆಸರಿನ ಹಕ್ಕು

ಈ ವಿಷಯಕ್ಕೂ ನಮ್ಮ ದೇಶಕ್ಕೂ ಒಂದು ನೇರವಾದ ನಂಟುಂಟು. ಐರೋಪ್ಯ ಕಾನೂನಿನಲ್ಲಿ 'ಸುರಿಂದರ್ ಸಿಂಗ್ ಮಾರ್ಗ' ಎಂದು ಪ್ರಸಿದ್ಧವಾದ ಹಕ್ಕು ಹುಟ್ಟಿದ್ದು ಭಾರತೀಯ ಪ್ರಜೆಯೊಬ್ಬರ ಮೊಕದ್ದಮೆಯಿಂದ. ಅವರು 1982ರಲ್ಲಿ ಬ್ರಿಟಿಷ್ ಮಹಿಳೆಯನ್ನು ವಿವಾಹವಾದರು. 1983ರಿಂದ 1985ರವರೆಗೆ ದಂಪತಿಗಳಿಬ್ಬರೂ ಜರ್ಮನಿಯಲ್ಲಿ ದುಡಿದು, ಬಳಿಕ ಸ್ವಂತ ವ್ಯಾಪಾರ ಮಾಡುವ ಉದ್ದೇಶದಿಂದ ಬ್ರಿಟನ್ನಿಗೆ ಮರಳಿದರು. ಮುಂದೆ ದಾಂಪತ್ಯದಲ್ಲಿ ಬಿರುಕು ಮೂಡಿದಾಗ, ಪತಿ ದೇಶ ಬಿಟ್ಟು ಹೋಗಬೇಕೆಂದು ಬ್ರಿಟಿಷ್ ಸರ್ಕಾರ ಪಟ್ಟು ಹಿಡಿಯಿತು. ಪತ್ನಿ ತನ್ನದೇ ದೇಶಕ್ಕೆ ಮರಳಿರುವುದರಿಂದ ಅವಳ ಪತಿಗೆ ಅನ್ವಯಿಸುವುದು ಬ್ರಿಟನ್ನಿನ ವಲಸೆ ಕಾನೂನೇ ಹೊರತು ಐರೋಪ್ಯ ಕಾನೂನಲ್ಲ ಎಂಬುದು ಸರ್ಕಾರದ ವಾದವಾಗಿತ್ತು.

1992ರ ಜುಲೈ 7ರಂದು ಐರೋಪ್ಯ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಬೇರೆ ಸದಸ್ಯ ದೇಶಕ್ಕೆ ದುಡಿಯಲು ಹೋದ ಪ್ರಜೆಯು ಸ್ವದೇಶಕ್ಕೆ ಮರಳುವಾಗ ಸಂಗಾತಿಯನ್ನು ಕರೆತರಲಾಗದಿದ್ದರೆ, ಆತ ಮೊದಲಿಗೆ ಹೊರಡಲು ಹಿಂಜರಿಯುತ್ತಾನೆ. ಆಗ ಮುಕ್ತ ಸಂಚಾರದ ಹಕ್ಕೇ ಅರ್ಥ ಕಳೆದುಕೊಳ್ಳುತ್ತದೆ ಎಂಬುದು ಅದರ ತರ್ಕ. ತೀರ್ಪು ಬರುವ ವೇಳೆಗೆ ಆ ದಂಪತಿಗಳ ವಿವಾಹ ವಿಚ್ಛೇದನವಾಗಿತ್ತು. ತಮ್ಮ ಸಂಸಾರಕ್ಕೆ ಒದಗದ ಆಸರೆ ಮುಂದಿನ 3 ದಶಕಗಳ ಕಾಲ ಸಾವಿರಾರು ಅನ್ಯ ಸಂಸಾರಗಳಿಗೆ ಒದಗಿತು.

ಈ ಹಕ್ಕಿನ ಸ್ವರೂಪವನ್ನು ಅರಿತರೆ ಮುಂದಿನದು ಸ್ಪಷ್ಟವಾಗುತ್ತದೆ. ಒಕ್ಕೂಟದ ಪ್ರಜೆಯೊಬ್ಬ ತನ್ನದಲ್ಲದ ಸದಸ್ಯ ದೇಶದಲ್ಲಿ ದುಡಿಯುತ್ತಿದ್ದರೆ, ಅವನ ಸಂಗಾತಿ ಯಾವ ದೇಶದವಳಾದರೂ ಜೊತೆಗಿರಬಹುದು. 2004ರ ನಿರ್ದೇಶನದ ಪ್ರಕಾರ ಅಂಥ ಸಂಗಾತಿಗೆ ಪ್ರವೇಶ ವೀಸಾವನ್ನು ಶುಲ್ಕವಿಲ್ಲದೆ, ಶೀಘ್ರವಾಗಿ ಕೊಡತಕ್ಕದ್ದು. ನಿಗದಿತ ವರಮಾನದ ಷರತ್ತಿಲ್ಲ. ಆದರೆ ತನ್ನ ದೇಶವನ್ನು ಎಂದೂ ಬಿಡದ ಪ್ರಜೆಗೆ ಈ ಕಾನೂನು ಅನ್ವಯಿಸುವುದಿಲ್ಲ. ಹೀಗಾಗಿ ಲಂಡನ್ನಿನಲ್ಲಿ ದುಡಿಯುವ ಪೋಲೆಂಡಿನ ಪ್ರಜೆ ಬೆಂಗಳೂರಿನ ಪತ್ನಿಯನ್ನು ಸುಲಭವಾಗಿ ಕರೆಸಿಕೊಳ್ಳಬಹುದಾಗಿತ್ತು. ಅದೇ ಬೀದಿಯ ಬ್ರಿಟಿಷ್ ಪ್ರಜೆಗೆ ಅದು ಸಾಧ್ಯವಿರಲಿಲ್ಲ.

ವರಮಾನದ ಅಳತೆಗೋಲು

ಈ ಅಂತರ ತೀವ್ರವಾದದ್ದು 2012ರ ಜುಲೈನಲ್ಲಿ. ಹೊರದೇಶದ ಸಂಗಾತಿಯನ್ನು ಕರೆತರಲು ಬ್ರಿಟಿಷ್ ಪ್ರಜೆಗೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ವರಮಾನವಿರಬೇಕೆಂದು ಅಂದಿನ ಸರ್ಕಾರ ನಿಯಮ ಮಾಡಿತು. ಮೊದಲ ಅರ್ಜಿಯಲ್ಲಿ, ಹೊರದೇಶದಲ್ಲಿರುವ ಸಂಗಾತಿಯ ಅಲ್ಲಿನ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ಸಂಗಾತಿ ಎಷ್ಟೇ ನುರಿತ ವೃತ್ತಿಪರಳಾಗಿದ್ದರೂ ಆಕೆಯ ದುಡಿಮೆಯ ಶಕ್ತಿ ಅಳತೆಗೆ ಸಿಗುವುದಿಲ್ಲ. ಶುಶ್ರೂಷೆ, ಅಂಗಡಿ ಕೆಲಸ, ಅರೆಕಾಲಿಕ ದುಡಿಮೆಗಳಲ್ಲಿರುವವರಿಗೆ, ಅವರಲ್ಲಿಯೂ ಮಹಿಳೆಯರಿಗೆ ಈ ನಿಯಮ ಭಾರವಾಯಿತು. ತಂದೆ ಒಂದು ದೇಶದಲ್ಲಿ, ತಾಯಿ ಮಕ್ಕಳು ಇನ್ನೊಂದು ದೇಶದಲ್ಲಿ ಉಳಿದು ಗಣಕಯಂತ್ರದ ಪರದೆಯ ಮೇಲೆ ಮುಖ ನೋಡಿಕೊಳ್ಳುವ 'ಸ್ಕೈಪ್ ಕುಟುಂಬಗಳು' ಎಂಬ ಹೊಸ ಮಾತೇ ಹುಟ್ಟಿಕೊಂಡಿತು. ಇಂಗ್ಲೆಂಡಿನ ಮಕ್ಕಳ ಆಯುಕ್ತರಿಗಾಗಿ 2015ರಲ್ಲಿ ಸಿದ್ಧಪಡಿಸಿದ ವರದಿಯು ಈ ನಿಯಮದಿಂದ ಬಾಧಿತರಾದ ಮಕ್ಕಳ ಸಂಖ್ಯೆ 15,000ದವರೆಗೆ ಇರಬಹುದೆಂದು ಅಂದಾಜಿಸಿತು.

ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2017ರ ಫೆಬ್ರವರಿಯಲ್ಲಿ ವರಮಾನದ ನಿಯಮವನ್ನು ತಾತ್ವಿಕವಾಗಿ ಎತ್ತಿಹಿಡಿದರೂ, ಮಕ್ಕಳ ಹಿತವನ್ನು ಸರಿಯಾಗಿ ಪರಿಗಣಿಸದ ಭಾಗ ಕಾನೂನಿಗೆ ವಿರುದ್ಧವೆಂದು ಹೇಳಿತು. ಇಂಥ ಸಮಯದಲ್ಲಿ ಅನೇಕ ಬ್ರಿಟಿಷ್ ಪ್ರಜೆಗಳಿಗೆ ಆಸರೆಯಾದದ್ದು ಸುರಿಂದರ್ ಸಿಂಗ್ ಮಾರ್ಗ. ಐರ್ಲೆಂಡ್ ಮೊದಲಾದ ದೇಶಗಳಿಗೆ ಸಂಗಾತಿಯೊಡನೆ ಹೋಗಿ, ಕೆಲಸ ಮಾಡಿ, ಸಂಸಾರ ಹೂಡಿ, ಆ ಬಳಿಕ ಐರೋಪ್ಯ ಕಾನೂನಿನ ನೆರಳಿನಲ್ಲಿ ಅವರು ತಾಯ್ನಾಡಿಗೆ ಮರಳಿದರು.

ಡೆನ್ಮಾರ್ಕಿನಲ್ಲಿಯೂ ಇದೇ ಕಥೆ ನಡೆದಿತ್ತು. ಹೊರದೇಶದ ಸಂಗಾತಿಯನ್ನು ಕರೆತರಲು ದಂಪತಿಗಳಿಬ್ಬರಿಗೂ 24 ವರ್ಷ ತುಂಬಿರಬೇಕೆಂದು ಅಲ್ಲಿ 2002ರಲ್ಲಿ ಕಾನೂನಾಯಿತು. ಕೋಪನ್‌ಹೇಗನ್ ನಗರವನ್ನು ಸ್ವೀಡನ್ನಿನ ಮಾಲ್ಮೋ ನಗರಕ್ಕೆ ಜೋಡಿಸುವ ಸೇತುವೆ 2000ದಲ್ಲಿಯೇ ತೆರೆದಿತ್ತು. ಎಳೆಯ ದಂಪತಿಗಳು ಸೇತುವೆ ದಾಟಿ ಮಾಲ್ಮೋದಲ್ಲಿ ಮನೆ ಮಾಡಿದರು. ಹಗಲು ಕೋಪನ್‌ಹೇಗನ್ನಿನಲ್ಲಿ ಕೆಲಸ, ರಾತ್ರಿ ಮಾಲ್ಮೋದಲ್ಲಿ ಸಂಸಾರ. ಸ್ವದೇಶದ ರಾಜಕೀಯ ಮುನಿದಾಗ, ಹಲವು ದೇಶಗಳು ಕೂಡಿ ಮಾಡಿಕೊಂಡ ಒಡಂಬಡಿಕೆ ಪ್ರಜೆಯನ್ನು ಕಾಯಬಲ್ಲದೆಂಬುದಕ್ಕೆ ಈ ಎರಡೂ ನಿದರ್ಶನಗಳು. ಆ ಒಡಂಬಡಿಕೆಯಿಂದ ಸ್ವದೇಶವೇ ಹೊರನಡೆದರೆ ಪ್ರಜೆಯ ಗತಿಯೇನು? ಬ್ರೆಕ್ಸಿಟ್ ಎತ್ತಿದ ಪ್ರಶ್ನೆ ಇದು.

ತಾರೀಖಿನ ಗೆರೆ

2016ರ ಜೂನ್ 23ರ ಜನಮತಗಣನೆಯಲ್ಲಿ ಶೇ. 51.9ರಷ್ಟು ಮತದಾರರು ಒಕ್ಕೂಟವನ್ನು ತೊರೆಯುವ ಪರ ನಿಂತರು. 2020ರ ಜನವರಿ 31ರಂದು ಬ್ರಿಟನ್ ಹೊರಬಂದಿತು. ಅದೇ ವರ್ಷದ ಡಿಸೆಂಬರ್ 31ಕ್ಕೆ ಸಂಕ್ರಮಣದ ಅವಧಿಯೂ ಮುಗಿಯಿತು. ನ್ಯಾಯವಾಗಿ ಹೇಳಬೇಕಾದರೆ, ಅಲ್ಲಿಯವರೆಗೆ ನೆಲೆಸಿದ್ದ ಕುಟುಂಬಗಳನ್ನು ಒಂದೇ ಏಟಿಗೆ ಹೊರದೂಡಲಿಲ್ಲ. ನಿರ್ಗಮನ ಒಪ್ಪಂದವು ಅವರ ಹಕ್ಕುಗಳಿಗೆ ರಕ್ಷಣೆ ಕೊಟ್ಟಿತು. ಆದರೆ ಆ ರಕ್ಷಣೆ ತಾರೀಖುಗಳ ಮೇಲೆ ನಿಂತಿತು.

ಬ್ರಿಟನ್ನಿನಲ್ಲಿ ನೆಲೆಸಿದ್ದ ಐರೋಪ್ಯ ಪ್ರಜೆಗಳು ಮತ್ತು ಅವರ ಕುಟುಂಬದವರು 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಾಯಿತು. 50 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಹಿಂದೆ ಬದುಕಿದ ರೀತಿಯಿಂದಲೇ ಸಿದ್ಧಿಸುತ್ತಿದ್ದ ಹಕ್ಕು ಈಗ ಅರ್ಜಿ ಹಾಕಿದವರಿಗೆ ಮಾತ್ರ ಸಿಗುವಂತಾಯಿತು. ಮುದುಕರು, ಅಕ್ಷರ ಬಾರದವರು, ಪತಿಯ ಕಾಗದಪತ್ರಗಳನ್ನೇ ನಂಬಿದ್ದ ಗೃಹಿಣಿಯರು ಇಂಥ ವ್ಯವಸ್ಥೆಯಲ್ಲಿ ಹಿಂದುಳಿಯುವುದು ಸಹಜ. 5 ವರ್ಷ ತುಂಬದವರಿಗೆ ತಾತ್ಕಾಲಿಕ ಸ್ಥಾನ ಕೊಟ್ಟು, ಅವರು ಮತ್ತೊಮ್ಮೆ ಅರ್ಜಿ ಹಾಕದಿದ್ದರೆ ನೆಲೆಸುವ ಹಕ್ಕೇ ಹೋಗುತ್ತದೆಂಬ ನಿಯಮವನ್ನೂ ಮಾಡಲಾಗಿತ್ತು. 2022ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಅದು ಒಪ್ಪಂದಕ್ಕೆ ವಿರುದ್ಧವೆಂದು ತೀರ್ಪಿತ್ತ ಬಳಿಕ ಸರ್ಕಾರ ಅಂಥವರ ಅವಧಿಯನ್ನು ತಾನಾಗಿಯೇ ವಿಸ್ತರಿಸತೊಡಗಿತು.

ಐರೋಪ್ಯ ದೇಶಗಳಲ್ಲಿದ್ದ ಬ್ರಿಟಿಷ್ ಪ್ರಜೆಗಳ ಸ್ಥಿತಿ ಇನ್ನೊಂದು ಬಗೆಯದು. ನೆಲೆಸಿದ್ದ ದೇಶದಲ್ಲಿ ಇರುವ ಹಕ್ಕು ಅವರಿಗೆ ಉಳಿಯಿತು; ಅಲ್ಲಿಂದ ಮತ್ತೊಂದು ಐರೋಪ್ಯ ದೇಶಕ್ಕೆ ಸಂಸಾರ ಸಮೇತ ಸಾಗುವ ಹಳೆಯ ಹಕ್ಕು ಹೋಯಿತು. ಫ್ರಾನ್ಸಿನಲ್ಲಿ 1984ರಿಂದ ನೆಲೆಸಿದ್ದ, ಫ್ರೆಂಚ್ ಪ್ರಜೆಯನ್ನು ವಿವಾಹವಾಗಿದ್ದ ಬ್ರಿಟಿಷ್ ಮಹಿಳೆಯೊಬ್ಬರು ಮತದಾರರ ಪಟ್ಟಿಯಿಂದ ಹೊರಬಿದ್ದು ಐರೋಪ್ಯ ನ್ಯಾಯಾಲಯದ ಮೊರೆಹೊಕ್ಕರು. 2022ರ ಜೂನ್ 9ರಂದು ನ್ಯಾಯಾಲಯವು, ಬ್ರಿಟನ್ ಹೊರಬಂದೊಡನೆ ಅದರ ಪ್ರಜೆಗಳ ಐರೋಪ್ಯ ಪೌರತ್ವವೂ ಕೊನೆಗೊಂಡಿತೆಂದು ಹೇಳಿತು. ಸುಮಾರು 4 ದಶಕಗಳ ಬಾಳ್ವೆಯಾಗಲಿ, ವಿವಾಹ ಸಂಬಂಧವಾಗಲಿ ಅದನ್ನು ಉಳಿಸಿಕೊಡಲಿಲ್ಲ.

ತಾಯ್ನಾಡಿಗೆ ಮರಳಬಯಸಿದವರಿಗಾಗಿ ಸುರಿಂದರ್ ಸಿಂಗ್ ಮಾರ್ಗವನ್ನು 2022ರ ಮಾರ್ಚ್ 29ರವರೆಗೆ ತೆರೆದಿಡಲಾಗಿತ್ತು. ಆ ನಂತರ ಅದು ಮುಚ್ಚಿತು. ಸ್ಪೇನಿನಲ್ಲಿ 20 ವರ್ಷ ಸಂಸಾರ ನಡೆಸಿದ ಬ್ರಿಟಿಷ್ ಮಗಳು, ಲೀಡ್ಸ್ ನಗರದಲ್ಲಿ ಹಾಸಿಗೆ ಹಿಡಿದ ತಂದೆಯ ಸೇವೆಗೆ ಸ್ಪೇನಿನ ಪತಿಯೊಡನೆ ಮರಳಬೇಕಾದರೆ ಈಗ ವರಮಾನದ ಪುರಾವೆ ಒಪ್ಪಿಸಬೇಕು. ತಂದೆಯ ಸೇವೆ, ಪತಿಯ ಸಹವಾಸ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ಮಗಳಿಗೆ ಹೇಳುವ ನಿಯಮವನ್ನು ನಾವು ಧರ್ಮಸಮ್ಮತವೆಂದು ಹೇಗೆ ಒಪ್ಪುವುದು?

ಸಮಾನತೆ ಬಂದ ದಾರಿ

ಬ್ರೆಕ್ಸಿಟ್ ಒಂದು ಅಸಮಾನತೆಯನ್ನು ನಿವಾರಿಸಿತೆಂಬ ವಾದವುಂಟು. ಹೊಸದಾಗಿ ಬರುವ ಪೋಲೆಂಡಿನ ಪ್ರಜೆಗೆ ಈಗ ವಿಶೇಷ ಸವಲತ್ತಿಲ್ಲ. ಎಲ್ಲರಿಗೂ ಒಂದೇ ನಿಯಮ. ವಲಸೆಯ ಮೇಲೆ ಹತೋಟಿ ಬೇಕೆಂದು ಬಹುಮತದ ಪ್ರಜೆಗಳು ಬಯಸಿದ್ದನ್ನು ಸರ್ಕಾರ ಕಡೆಗಣಿಸಲಾಗದೆಂಬುದೂ ನಿಜ. ಆದರೆ ಇಬ್ಬರಲ್ಲಿ ಒಬ್ಬನಿಗೆ ಅನ್ನವಿಲ್ಲವೆಂದು ಇನ್ನೊಬ್ಬನ ತಟ್ಟೆಯನ್ನೂ ಎತ್ತಿಡುವುದು ಸಮಾನತೆಯ ಒಳ್ಳೆಯ ಮಾರ್ಗವಲ್ಲ. ಬ್ರಿಟಿಷ್ ಪ್ರಜೆಗೆ ಇಲ್ಲದಿದ್ದ ಹಕ್ಕನ್ನು ಅವನಿಗೂ ಕೊಡಬಹುದಾಗಿತ್ತು. ಬದಲಿಗೆ ಇದ್ದವರಿಂದ ತೆಗೆಯಲಾಯಿತು.

ಅಷ್ಟಕ್ಕೇ ನಿಲ್ಲದೆ, 2024ರ ಏಪ್ರಿಲ್ 11ರಂದು ವರಮಾನದ ಮಿತಿಯನ್ನು 29,000 ಪೌಂಡಿಗೆ ಏರಿಸಲಾಯಿತು. ಆಗಿನ ಕನಿಷ್ಠ ವೇತನ ಗಂಟೆಗೆ 11.44 ಪೌಂಡ್. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೂ ಕೈಗೆ ಬರುವುದು ಸುಮಾರು 23,800 ಪೌಂಡ್. ಅಂದರೆ ಕಾನೂನು ಗೊತ್ತುಪಡಿಸಿದ ವೇತನಕ್ಕೆ ಪೂರ್ತಿ ದುಡಿಯುವ ಕಾಯಕಜೀವಿಗೆ ಹೊರದೇಶದ ಸಂಗಾತಿಯೊಡನೆ ಸ್ವದೇಶದಲ್ಲಿ ಬಾಳುವ ಯೋಗ್ಯತೆಯಿಲ್ಲವೆಂದು ಇನ್ನೊಂದು ಕಾನೂನು ಹೇಳಿದಂತಾಯಿತು. ಮಿತಿಯನ್ನು 38,700 ಪೌಂಡಿನವರೆಗೆ ಏರಿಸುವ ಯೋಜನೆಯಿತ್ತು. 2024ರ ಜುಲೈನಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಮುಂದಿನ ಏರಿಕೆಯನ್ನು ತಡೆಹಿಡಿದು ವಲಸೆ ಸಲಹಾ ಸಮಿತಿಯ ಅಭಿಪ್ರಾಯ ಕೇಳಿತು. ಒಂದು ಸರ್ಕಾರ ಏರಿಸುತ್ತದೆ, ಇನ್ನೊಂದು ತಡೆಯುತ್ತದೆ. ಮದುವೆಯ ನಿಶ್ಚಯ ಮಾಡಿಕೊಂಡ ಯುವಕ ಯುವತಿಯರು ಮಾತ್ರ ವಾರ್ತೆಗಳನ್ನು ನೋಡುತ್ತ ದಿನ ಎಣಿಸುತ್ತಾರೆ.

ನಮಗೂ ಪಾಠವುಂಟು

ಬ್ರಿಟನ್ನಿನಲ್ಲಿ ಕನ್ನಡಿಗ ಕುಟುಂಬಗಳು ಸಾಕಷ್ಟಿವೆ. ಅಲ್ಲಿನ ಪ್ರಜೆಗಳನ್ನು ವರಿಸಿದವರೂ ಇದ್ದಾರೆ. ಇಂಥ ಅನಿಶ್ಚಿತತೆಯಿಂದ ಪಾರಾಗಲು ಆ ದೇಶದ ಪೌರತ್ವವನ್ನೇ ಪಡೆಯೋಣವೆಂದರೆ ನಮ್ಮ ಕಾನೂನು ದ್ವಿಪೌರತ್ವವನ್ನು ಒಪ್ಪುವುದಿಲ್ಲ. ಭಾರತದ ಪೌರತ್ವ ಬಿಟ್ಟವರಿಗೆ ಉಳಿಯುವುದು ಸಾಗರೋತ್ತರ ಭಾರತೀಯರ ಒಸಿಐ ಗುರುತುಪತ್ರ. ವಿದೇಶಿ ಸಂಗಾತಿಗೆ ಅದು ಸಿಗಬೇಕಾದರೆ ವಿವಾಹ ನೋಂದಣಿಯಾಗಿ 2 ವರ್ಷ ತುಂಬಿರಬೇಕು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಈ ಪತ್ರವುಳ್ಳವರ ವೀಸಾರಹಿತ ಪ್ರವೇಶವನ್ನೂ ತಡೆಹಿಡಿಯಲಾಯಿತು. ಭಾರತೀಯ ಪೋಷಕರ ಅಪ್ರಾಪ್ತ ಮಕ್ಕಳು, ಭಾರತೀಯ ಸಂಗಾತಿಯುಳ್ಳವರು, ಕುಟುಂಬದಲ್ಲಿ ಸಾವಿನಂಥ ತುರ್ತು ಒದಗಿದವರು ಮೊದಲಾದವರಿಗೆ ವಿನಾಯಿತಿ ಬಂದದ್ದು ಮೇ 22ರಂದು. ಕಾರಣ ಬೇರೆಯಾದರೂ ಪಾಠ ಒಂದೇ. ಗುರುತುಪತ್ರ ಎಷ್ಟೇ ಭದ್ರವೆನಿಸಿದರೂ ಆಳುವವರ ಒಂದು ಆದೇಶಕ್ಕೆ ಅದು ಅಧೀನ.

ಆದ್ದರಿಂದ ಮಿಶ್ರ ರಾಷ್ಟ್ರೀಯತೆಯ ದಂಪತಿಗಳು ವಿವಾಹವನ್ನು ಕೂಡಲೇ ನೋಂದಾಯಿಸುವುದು, ಒಟ್ಟಿಗೆ ಬಾಳಿದ ದಾಖಲೆಗಳನ್ನು ಜೋಪಾನ ಮಾಡುವುದು, ಪತಿ ಪತ್ನಿ ಇಬ್ಬರ ಹೆಸರಿನಲ್ಲಿಯೂ ಬಾಡಿಗೆ ಕರಾರು, ಬ್ಯಾಂಕ್ ಖಾತೆಗಳನ್ನು ಇಡುವುದು ವಿವೇಕ. ಅರ್ಜಿಯ ಗಡುವನ್ನು ಮನೆಯ ಒಬ್ಬರಿಗೇ ಬಿಡದೆ ಇಬ್ಬರೂ ಅರಿತಿರಬೇಕು.

ಆದರೆ ಹೊಣೆಯೆಲ್ಲವೂ ಸಂಸಾರಸ್ಥರದೇ ಆಗಬಾರದು. ರಾಜ್ಯವ್ಯವಸ್ಥೆ ಬದಲಾಗುವುದು ಸಹಜ. ಪ್ರಜೆಗಳಿಗೆ ತಮ್ಮ ದೇಶದ ದಾರಿಯನ್ನು ನಿರ್ಧರಿಸುವ ಅಧಿಕಾರವಿದೆ. ಹಳೆಯ ಕಾನೂನನ್ನು ನಂಬಿ ಮನೆ ಕಟ್ಟಿದವರಿಗೆ ಹೊಸ ಕಾನೂನು ಮೋಸ ಮಾಡಬಾರದೆಂಬುದಷ್ಟೇ ನಮ್ಮ ಅಭಿಪ್ರಾಯ. ಅಂಥವರ ಹಕ್ಕು ತಾನಾಗಿಯೇ ಉಳಿಯಬೇಕು. ಅರ್ಜಿ ಮರೆತದ್ದಕ್ಕೆ ಸಂಸಾರ ಒಡೆಯಬಾರದು. ವರಮಾನ ನೋಡಲೇಬೇಕೆಂದರೆ ದಂಪತಿಗಳಿಬ್ಬರ ದುಡಿಮೆಯ ಶಕ್ತಿಯನ್ನೂ ನೋಡಲಿ. ಎಲ್ಲಕ್ಕೂ ಮೊದಲು, ತಂದೆ ತಾಯಿಯರಿಬ್ಬರೊಡನೆ ಬೆಳೆಯುವ ಮಗುವಿನ ಹಿತವನ್ನು ಕಾನೂನು ಎಣಿಕೆಗೆ ತಂದುಕೊಳ್ಳಲಿ. ಜನಮತಗಣನೆಯಲ್ಲಿ ಆ ಮಗುವಿಗೆ ಮತವಿರಲಿಲ್ಲ. ಅದರ ಫಲವನ್ನು ಮಾತ್ರ ಬಾಲ್ಯವಿಡೀ ಅದೇ ಉಣ್ಣುತ್ತಿದೆ.