ಎಣಿಕೆಗೆ ಸಿಗದ ತೋಟೆ

ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಹುಣಸಮಾರನಹಳ್ಳಿಯು ಇಂದು ಹಳ್ಳಿಯೆಂಬ ಹೆಸರನ್ನಷ್ಟೇ ಉಳಿಸಿಕೊಂಡಿದೆ. ಒಂದೆಡೆ ಯಲಹಂಕದ ವಾಯುನೆಲೆ, ಇನ್ನೊಂದೆಡೆ ದೇವನಹಳ್ಳಿಯ ವಿಮಾನ ನಿಲ್ದಾಣ, ನಡುವೆ ಕಾಲೇಜುಗಳು, ಬಾಡಿಗೆ ಕೋಣೆಗಳು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಕಡೆಯ ಮಕ್ಕಳು ಓದಲೆಂದೋ ದುಡಿಯಲೆಂದೋ ಬಂದು ಸೇರುವುದು ಇಂಥ ಊರುಗಳಿಗೇ. ಅಜ್ಜನ ಕೋವಿ ಊರಿನ ಮನೆಯಲ್ಲಿರುತ್ತದೆ. ಮೊಮ್ಮಗನ ಮೊಬೈಲಿನಲ್ಲಿ ಅಮೆರಿಕದ ಗೃಹಸ್ಥನೊಬ್ಬ ಮನೆಯ ಗ್ಯಾರೇಜಿನಲ್ಲಿ ಕುಳಿತು, ಹೊಡೆದು ಖಾಲಿಯಾದ ತೋಟೆಗೆ ಹೊಸ ಕೇಪು ಕೂರಿಸಿ, ಮದ್ದು ಅಳೆದು, ಗುಂಡು ಒತ್ತುವ ಚಿತ್ರ ಓಡುತ್ತಿರುತ್ತದೆ. ಅಲ್ಲಿ ಅದಕ್ಕೆ ರೀಲೋಡಿಂಗ್ ಎಂಬ ಹೆಸರು. ಅಂಚೆಚೀಟಿ ಕೂಡಿಸುವಂತೆ, ಗಾಳ ಹಾಕುವಂತೆ ಅದೂ ಒಂದು ಹವ್ಯಾಸ. ರಜೆಗೆ ಊರಿಗೆ ಹೋದಾಗ ತಾನೂ ಏಕೆ ಮಾಡಿ ನೋಡಬಾರದು ಎಂದು ಹುಡುಗನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆಶ್ಚರ್ಯವಾಗುವುದು, ಊರಿನ ಹಿರಿಯರೂ 'ಇದೇನು ಹೊಸದೇ? ನಮ್ಮ ಅಪ್ಪಂದಿರು ಮಾಡುತ್ತಿದ್ದುದೇ ಅಲ್ಲವೇ' ಎಂದು ತಲೆದೂಗುವಾಗ.

ಅಪ್ಪಂದಿರು ಮಾಡುತ್ತಿದ್ದರು, ನಿಜ. ಕೇಪಿನ ಕೋವಿಯ ಕಾಲದಲ್ಲಿ ಪ್ರತಿಯೊಂದು ಈಡನ್ನೂ ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ಜಡಿದು, ಗುಂಡು ಇಳಿಸಿಯೇ ಹೊಡೆಯಬೇಕಿತ್ತು. ತೋಟೆ ಕೋವಿ ಬಂದ ಮೇಲೆ ಹಿತ್ತಾಳೆಯ ತೋಟೆಗಳನ್ನು ಮತ್ತೆ ಮತ್ತೆ ತುಂಬಿದವರಿದ್ದರು. ಆದರೆ ಅದು ಹವ್ಯಾಸವಾಗಿರಲಿಲ್ಲ. ಗದ್ದೆಗೆ ಹಂದಿ ನುಗ್ಗುತ್ತಿತ್ತು, ಪೇಟೆ ದೂರವಿತ್ತು, ಮದ್ದು ದುರ್ಲಭವಾಗಿತ್ತು. ಒಂದು ಈಡು ವ್ಯರ್ಥವಾದರೆ ಮನೆಯಲ್ಲಿ ಬೈಗುಳ ತಪ್ಪುತ್ತಿರಲಿಲ್ಲ. ಆ ಬಡತನವೇ ಕಾಡಿಗೆ ಒಂದು ಬೇಲಿಯಾಗಿತ್ತು. ಹವ್ಯಾಸವೆಂಬುದು ಮೊದಲು ಕಿತ್ತುಹಾಕುವುದು ಈ ಬೇಲಿಯನ್ನೇ. ತುಂಬಿದ ತೋಟೆಯನ್ನು ಹೊಡೆದು ನೋಡದೆ ಹವ್ಯಾಸಿಯ ಮನಸ್ಸು ತಣಿಯುವುದಿಲ್ಲ. ಗುರಿ ಹಲಗೆಯಲ್ಲಿ ಬೇಸರ ಬಂದ ದಿನ ಕೊಂಬೆಯ ಮೇಲೊಂದು ಮಂಗಟ್ಟೆ ಕುಳಿತಿರುತ್ತದೆ.

ಈಗ ಇದಕ್ಕೆ ಪರಿಸರದ ಬಣ್ಣವನ್ನೂ ಬಳಿಯುವವರಿದ್ದಾರೆ. ಹಳೆಯ ತೋಟೆಯನ್ನು ಎಸೆಯದೆ ಮತ್ತೆ ಬಳಸುವುದು ಮಿತವ್ಯಯವಂತೆ. ಮತ್ತೆ ಬಳಕೆಯಾಗುವುದು ಯಾವುದು? ಹೊರಗಿನ ಹಿತ್ತಾಳೆಯ ಕವಚ ಮಾತ್ರ. ಕೇಪು ಹೊಸದು, ಮದ್ದು ಹೊಸದು, ಸೀಸ ಹೊಸದು. ಹನ್ನೆರಡು ಬೋರಿನ ಒಂದು ತೋಟೆಯಲ್ಲಿ ಸುಮಾರು 30 ಗ್ರಾಂ ಸೀಸದ ಚರೆ ಇರುತ್ತದೆ. ಪ್ರಾಣಿಗೆ ತಗುಲುವುದು ಅದರಲ್ಲಿ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಗದ್ದೆಗೆ, ಹಳ್ಳಕ್ಕೆ, ಕೆರೆಯಂಗಳಕ್ಕೆ. ಅರೆಯುವ ಕಲ್ಲೆಂದು ಬಾತುಗಳು ಅದನ್ನು ನುಂಗಿ ನಿಧಾನವಾಗಿ ಸಾಯುತ್ತವೆ. ಈ ಹವ್ಯಾಸದ ತವರಾದ ಅಮೆರಿಕವೇ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಅದನ್ನು ಪೂರ್ಣವಾಗಿ ಕೈಬಿಟ್ಟಿತು. ಗುಂಡೇಟಿನ ಮಾಂಸ ತಿಂದ ಕಾಂಡರ್ ರಣಹದ್ದುಗಳು ಸೀಸದ ವಿಷಕ್ಕೆ ಬಲಿಯಾಗುತ್ತಿದ್ದುದರಿಂದ ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ಬಹಿಷ್ಕರಿಸಿತು. ಯುರೋಪಿನ ಒಕ್ಕೂಟದ ಜೌಗುನೆಲಗಳಲ್ಲಿ 2023ರಿಂದ ಅದಕ್ಕೆ ಪ್ರವೇಶವಿಲ್ಲ. ಮೊಬೈಲಿನ ಚಿತ್ರದಲ್ಲಿ ಈ ಭಾಗ ಬರುವುದಿಲ್ಲ.

ಸೀಸ ಮನೆಯೊಳಗೂ ಉಳಿಯುತ್ತದೆ. ಹಳೆಯ ಬ್ಯಾಟರಿಯ ತಟ್ಟೆ ಒಡೆದು ಬಚ್ಚಲೊಲೆಯ ಮೇಲೆ ಕರಗಿಸಿ ಚರೆ ಮಾಡುವುದು ಜಾಣತನವೆಂದು ತಿಳಿದವರಿದ್ದಾರೆ. ಅದರ ಹೊಗೆ, ಬೂದಿ, ಹೊಡೆದ ತೋಟೆ ಉಜ್ಜುವಾಗ ಏಳುವ ಧೂಳು, ಎಲ್ಲದರಲ್ಲೂ ಸೀಸವಿದೆ. ನೆಲದ ಮೇಲೆ ಅಂಬೆಗಾಲಿಡುವ ಮಗುವಿನ ಬೆರಳಿಗೆ ಅಂಟುವುದು ಅದೇ. ಮಕ್ಕಳ ರಕ್ತದಲ್ಲಿ ಇಷ್ಟರವರೆಗೆ ಸೀಸವಿದ್ದರೆ ತೊಂದರೆಯಿಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದ್ದಿನ ಕಥೆ ಇನ್ನೂ ನೇರ. ಹಳೆಯ ಕರಿಮದ್ದಿಗೆಂದು ಮಾಡಿದ ಅಳತೆಯಲ್ಲಿ ಹೊಸ ಹೊಗೆರಹಿತ ಮದ್ದನ್ನು ತುಂಬಿದರೆ ಒತ್ತಡ ಎಷ್ಟೋ ಪಟ್ಟು ಏರಿ ನಳಿಗೆ ಸಿಡಿಯಬಹುದು. ಆಗ ಹೋಗುವುದು ಹಿಡಿದವನ ಎಡಗೈ, ಇಲ್ಲವೇ ಕಣ್ಣು.

ಇಷ್ಟೆಲ್ಲಕ್ಕಿಂತ ಮಲೆನಾಡಿನ ರೈತ ಕೇಳಿಸಿಕೊಳ್ಳಬೇಕಾದ ಮಾತು ಬೇರೆಯದು. ಅವನ ಪರವಾನಗಿಯ ಕೋವಿ ನಿಂತಿರುವುದು ಲೆಕ್ಕದ ಮೇಲೆ. ಎಷ್ಟು ತೋಟೆ ಕೊಳ್ಳಬಹುದು, ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ. ಮನೆಯಲ್ಲಿ ತುಂಬಿದ ತೋಟೆಗೆ ಲೆಕ್ಕವಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅದರ ಬಿಡಿಭಾಗಗಳೂ, ತಯಾರಿಸುವ ಯಂತ್ರವೂ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಕೋವಿ ಹೊಂದಲು ಕೊಟ್ಟ ಪರವಾನಗಿ ತಯಾರಿಸಲು ಕೊಟ್ಟದ್ದಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆ. ಮೊಮ್ಮಗನ ರಜೆಯ ಆಟಕ್ಕೆ ಅಜ್ಜನ ಹೆಸರಿನ ಪರವಾನಗಿ ಬಲಿಯಾದರೆ, ಮುಂದಿನ ಮಳೆಗಾಲದಲ್ಲಿ ಗದ್ದೆ ಕಾಯುವವರು ಯಾರು?

ಲೆಕ್ಕವಿಲ್ಲದ ಮದ್ದು ಕೋವಿಯಲ್ಲೇ ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ಕಾಡಂಚಿನಲ್ಲಿ ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾದ ಹಸುಗಳನ್ನು ನೋಡದ ಹೋಬಳಿ ಮಲೆನಾಡಿನಲ್ಲಿ ಹುಡುಕಬೇಕು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ ಹಣ್ಣು ಕಚ್ಚಿದ ಗರ್ಭಿಣಿ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. ಡಬ್ಬಿಯೊಳಗಿನ ಮದ್ದಿಗೆ ಹವ್ಯಾಸವೂ ಗೊತ್ತಿಲ್ಲ, ಕಳ್ಳಬೇಟೆಯೂ ಗೊತ್ತಿಲ್ಲ; ಡಬ್ಬಿ ಯಾರ ಕೈಗೆ ಸಿಕ್ಕಿತೆಂಬುದಷ್ಟೇ ಪ್ರಶ್ನೆ.

ಸರ್ಕಾರದ ತಪ್ಪನ್ನು ಮುಚ್ಚಿಡಬೇಕಾಗಿಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಆನೆ, ಹಂದಿಗಳು ನೀತಿಸಂಹಿತೆ ಮುಗಿಯುವವರೆಗೆ ಕಾಯುವುದಿಲ್ಲ. ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿದವನು ಕಚೇರಿ ಸುತ್ತಿ ಸವೆಯುತ್ತಾನೆ. ತೋಟೆ ನ್ಯಾಯವಾದ ಬೆಲೆಗೆ ಸಿಗಲಿ, ನಿಜವಾಗಿ ಬೆಳೆ ಕಾಯುವವನ ಕೋವಿಯನ್ನು ಚುನಾವಣೆಯ ಹೆಸರಿನಲ್ಲಿ ಕಸಿಯದಿರಲಿ ಎಂದು ಕೇಳುವ ಹಕ್ಕು ರೈತನಿಗಿದೆ. ಆ ಹಕ್ಕನ್ನು ಬಚ್ಚಲೊಲೆಯ ಮೇಲೆ ಕರಗಿಸಿಕೊಂಡರೆ ಅಧಿಕಾರಿಗಳಿಗೆ ಅದಕ್ಕಿಂತ ಅನುಕೂಲ ಬೇರೊಂದಿಲ್ಲ.

ಕೊಡಗಿನವರಿಗಂತೂ ಇದು ಇನ್ನೂ ಹತ್ತಿರದ ಮಾತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯವಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯಿದೆ. ಹಬ್ಬದ ನಂತರ ಬೇಟೆಗೆ ಹೋಗುತ್ತಿದ್ದವರ ಮಕ್ಕಳು ಇಂದು ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಸಂಪ್ರದಾಯ ಬದಲಾಗದೆಂದು ಹೇಳುವವರು ಅದನ್ನೊಮ್ಮೆ ಹೋಗಿ ನೋಡಬಹುದು. ಪರವಾನಗಿಯಿಲ್ಲದೆ ಕೋವಿ ಹೊಂದಲು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆ ಅವಧಿ ಮುಗಿಯುವುದು 2029ರ ಅಕ್ಟೋಬರ್ 31ಕ್ಕೆ. ಅಷ್ಟರೊಳಗೆ ಕೊಡಗಿನ ಎಷ್ಟು ಮನೆಗಳಲ್ಲಿ ಕರಗಿಸಿದ ಸೀಸವೂ ತುಂಬಿದ ತೋಟೆಯೂ ಸಿಕ್ಕವೆಂಬ ಪೊಲೀಸ್ ದಾಖಲೆ ದೆಹಲಿಯ ಮೇಜಿನ ಮೇಲಿರುತ್ತದೆ.