ಹನಫಿಯೋ ಶಾಫಿಯೋ, ಆ್ಯಪ್ ಕೇಳುತ್ತದೆಯೇ?

ಬಿಕರ್ನಕಟ್ಟೆ ಕೈಕಂಬದಲ್ಲಿ ಸಿಟಿ ಬಸ್ ಹತ್ತಿದ ಕಾನೂನು ವಿದ್ಯಾರ್ಥಿ ಕೊಡಿಯಾಲ್‌ಬೈಲಿನ ಎಸ್‌ಡಿಎಂ ಲಾ ಕಾಲೇಜು ಮುಟ್ಟಬೇಕಾದರೆ ನಂತೂರು ವೃತ್ತ ದಾಟಬೇಕು. ಅಲ್ಲಿ ವಾಹನಗಳು ಸಾಲುಗಟ್ಟಿ ನಿಂತ ಹೊತ್ತಿನಲ್ಲಿ ಜೀವನಾಂಶದ ಬಗ್ಗೆ ಒಂದು ತೀರ್ಪನ್ನು ಮೊಬೈಲಿನಲ್ಲೇ ಓದಿ ಮುಗಿಸಬಹುದು. ಅದೇ ಬಸ್ಸಿನಲ್ಲಿ ಪಳ್ಳಿ ದರ್ಸ್‌ನ, ಅಂದರೆ ಮಸೀದಿಯ ಪಾಠಶಾಲೆಯ, ಮುತಅಲ್ಲಿಂ (ವಿದ್ಯಾರ್ಥಿ) ಒಬ್ಬನೂ ಇರಬಹುದು. ಅವನ ಜೇಬಿನಲ್ಲಿ ಫೋನ್ ಇರಲಿಕ್ಕಿಲ್ಲ. ಎಷ್ಟೋ ದರ್ಸ್‌ಗಳಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಇಬ್ಬರೂ ಓದುವುದು ಮದುವೆ, ತಲಾಖ್, ವಾರಸಿಕೆಯನ್ನೇ. ಒಬ್ಬನ ಕೈಯಲ್ಲಿ ಪಾರ್ಸಿ ವಕೀಲ ದಿನ್‌ಶಾ ಮುಲ್ಲಾ ಇಂಗ್ಲಿಷಿನಲ್ಲಿ ಬರೆದ ಪಠ್ಯ, ಇನ್ನೊಬ್ಬನ ಮಡಿಲಲ್ಲಿ 16ನೇ ಶತಮಾನದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ಅರಬಿ ಕಾನೂನು ಗ್ರಂಥ ‘ಫತ್ಹುಲ್ ಮುಈನ್’. ಈ ಕಲಿಕೆಗೆ ಫೋನಿನ ಆ್ಯಪ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಇಬ್ಬರಿಗೂ ಒಂದೇ ಉತ್ತರ ಕೊಡಲಾಗದು.

ಕಾನೂನು ವಿದ್ಯಾರ್ಥಿಯ ವಿಷಯದಲ್ಲಿ ಆ್ಯಪ್ ಪರವಾದ ವಾದಕ್ಕೆ ಬಲ ಹೆಚ್ಚು. ಕಳೆದ ಹತ್ತು ವರ್ಷಗಳಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಬದಲಾದಷ್ಟು ಕುಟುಂಬ ಕಾನೂನಿನ ಬೇರೆ ಭಾಗ ಬದಲಾಗಿಲ್ಲವೇನೋ. 2017ರ ಆಗಸ್ಟ್ 22ರಂದು ಶಾಯರಾ ಬಾನೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದೇ ಉಸಿರಿನ ತಲಾಖನ್ನು 3–2 ಬಹುಮತದಿಂದ ತಳ್ಳಿಹಾಕಿತು. 2019ರಲ್ಲಿ ಅದು ಜೈಲುಶಿಕ್ಷೆಯ ಅಪರಾಧವಾಯಿತು. 2024ರ ಜುಲೈಯಲ್ಲಿ, ವಿಚ್ಛೇದಿತ ಮುಸ್ಲಿಂ ಮಹಿಳೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು ಕೋರ್ಟು ಮತ್ತೆ ಹೇಳಿತು. ಅದೇ ತಿಂಗಳು ಆ ಸಂಹಿತೆಯೇ ಹೋಗಿ ಹೊಸದು ಬಂತು. ಸೀನಿಯರ್ ಒಬ್ಬರಿಂದ ಕೈಬದಲಾದ ಹಳೆಯ ಪಠ್ಯದಲ್ಲಿ ಇದೊಂದೂ ಸಿಗದು. ಇಂಡಿಯನ್ ಕಾನೂನ್ ಜಾಲತಾಣ ತೆರೆದರೆ ಪೂರ್ತಿ ತೀರ್ಪು, ಭಿನ್ನಮತದ ಸಮೇತ, ಖರ್ಚಿಲ್ಲದೆ ಸಿಗುತ್ತದೆ. ಪ್ರಶ್ನೋತ್ತರಗಳ ನೋಟ್ಸ್ ಆ್ಯಪ್‌ಗಳ ಮಾತು ಬೇರೆ. ಜೀವನಾಂಶದ ಶಾಬಾನು ಪ್ರಕರಣದಿಂದ, ಅದರ ಬೆನ್ನಿಗೆ ಬಂದ 1986ರ ಮುಸ್ಲಿಂ ಮಹಿಳೆಯರ ಕಾಯ್ದೆಗೆ ಬಂದು ಅಲ್ಲೇ ನಿಂತ ನೋಟ್ಸನ್ನು ಫೋನಿಗೆ ಹಾಕಿಕೊಂಡರೂ ಅದು ಹಳೆಯ ನೋಟ್ಸೇ.

ನನಗೆ ಹೆಚ್ಚು ಯೋಚನೆ ಹತ್ತಿಸುವುದು ವಾರಸಿಕೆ ಲೆಕ್ಕದ ಆ್ಯಪ್‌ಗಳು. ಗಂಡ, ತಾಯಿ, ಮಕ್ಕಳು ಎಂದು ಒತ್ತುತ್ತ ಹೋದರೆ ಕೊನೆಗೆ ಪಾಲುಗಳ ಪಟ್ಟಿ ಬರುತ್ತದೆ. ಒಂದು ಉದಾಹರಣೆ ನೋಡೋಣ. ಮಕ್ಕಳಿಲ್ಲದ ಹೆಂಗಸೊಬ್ಬಳು 18 ಲಕ್ಷ ರೂಪಾಯಿ ಬಿಟ್ಟು ತೀರಿಕೊಂಡಿದ್ದಾಳೆ. ತಂದೆ, ಅಜ್ಜ ಇಲ್ಲ. ಉಳಿದವರು ಗಂಡ, ತಾಯಿ, ತಾಯಿಯ ಇನ್ನೊಂದು ಮದುವೆಯಿಂದ ಹುಟ್ಟಿದ ಇಬ್ಬರು ಸೋದರರು ಮತ್ತು ಒಬ್ಬ ಸ್ವಂತ ಅಣ್ಣ. ಗಂಡನಿಗೆ ಅರ್ಧ, 9 ಲಕ್ಷ. ತಾಯಿಗೆ ಆರನೇ ಒಂದು, 3 ಲಕ್ಷ. ತಾಯಿಯ ಕಡೆಯ ಸೋದರರಿಗೆ ಮೂರನೇ ಒಂದು, 6 ಲಕ್ಷ. ಅಲ್ಲಿಗೆ ಹಣ ಮುಗಿಯಿತು. ಸುನ್ನಿಗಳ ನ್ಯಾಯಪಂಥಗಳು, ಅಂದರೆ ಮದ್‌ಹಬ್‌ಗಳು, ಇಲ್ಲಿ ಬೇರೆಯಾಗುತ್ತವೆ. ಹನಫಿ ಲೆಕ್ಕದಲ್ಲಿ ಸ್ವಂತ ಅಣ್ಣ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಶಾಫಿ ಲೆಕ್ಕದಲ್ಲಿ ಅವನೂ ಆ 6 ಲಕ್ಷದಲ್ಲಿ ಸೇರಿಕೊಂಡು ಮೂವರಿಗೂ ಎರಡೆರಡು ಲಕ್ಷ. ಖಲೀಫ ಉಮರ್ ಅವರ ಮುಂದೆ ಇಂಥದೇ ವ್ಯಾಜ್ಯ ಬಂದಾಗ, ನಮ್ಮಪ್ಪ ಕತ್ತೆಯೇ ಆಗಿದ್ದ ಎಂದಿಟ್ಟುಕೊಳ್ಳಿ, ತಾಯಿಯಾದರೂ ಒಬ್ಬಳೇ ಅಲ್ಲವೇ ಎಂದು ಸ್ವಂತ ಸೋದರರು ವಾದಿಸಿದರಂತೆ. ದರ್ಸ್‌ನಲ್ಲಿ ಇದನ್ನು ಇವತ್ತಿಗೂ ಕತ್ತೆಯ ಪ್ರಕರಣವೆಂದೇ ಕಲಿಸುತ್ತಾರೆ.

ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು ಬಹುಪಾಲು ಶಾಫಿಗಳು. ಆದರೆ ಭಾರತದ ಕೋರ್ಟುಗಳಲ್ಲಿ ಸುನ್ನಿ ಎಂದರೆ ಹನಫಿ ಎಂದೇ ಹಿಡಿದು ಹೊರಡುವುದು ರೂಢಿ. ಬೇರೆ ಎನ್ನುವವರು ಅದನ್ನು ತೋರಿಸಿಕೊಡಬೇಕು. ಲಾ ಕಾಲೇಜಿನ ಪಠ್ಯವೂ ಹೆಚ್ಚಾಗಿ ಹನಫಿ ಹಾದಿಯದೇ. ಮದ್‌ಹಬ್ ಯಾವುದೆಂದು ಕೇಳದೆ ಉತ್ತರ ಕೊಡುವ ಆ್ಯಪ್ ಬಿಕರ್ನಕಟ್ಟೆಯ ಹುಡುಗನಿಗೆ ನೆರೆಮನೆಯ ಪಾಲುಪಟ್ಟಿಯನ್ನು ತಪ್ಪಾಗಿ ಹೇಳಿಕೊಡುತ್ತದೆ, ಅದೂ ರೂಪಾಯಿ ಪೈಸೆ ಸಮೇತ. ಮೊದಲೇ ಮದ್‌ಹಬ್ ಕೇಳಿ, ಯಾರಿಂದ ಯಾರ ಪಾಲು ತಪ್ಪಿತು ಎಂದು ಹಂತಹಂತವಾಗಿ ತೋರಿಸುವ ಆ್ಯಪ್ ಇದ್ದರೆ ಅದು ಒಳ್ಳೆಯ ಪಾಠವೇ. ಅದರಲ್ಲಿ ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಅಂಥ ಸೌಲಭ್ಯ ಮುಲ್ಲಾನ ಪುಟಗಳಲ್ಲೂ ಇಲ್ಲ, ಒಂದೇ ಮದ್‌ಹಬ್‌ನ ಕಿತಾಬಿನಲ್ಲೂ ಇಲ್ಲ.

ದರ್ಸ್‌ನ ಕಡೆಯ ವಾದವನ್ನು ಹಳೆಯ ಕಾಲದ ಹಟವೆಂದು ಬದಿಗೆ ತಳ್ಳುವುದು ಸುಲಭ, ಸರಿಯಲ್ಲ. ಅಲ್ಲಿ ಹುಡುಗ ಕಿತಾಬನ್ನು ಉಸ್ತಾದರ (ಗುರುಗಳ) ಎದುರು ಗಟ್ಟಿಯಾಗಿ ಓದುತ್ತಾನೆ, ಸ್ವರಚಿಹ್ನೆ ತಪ್ಪಿದರೆ ಅಲ್ಲೇ ತಿದ್ದಿಸಿಕೊಳ್ಳುತ್ತಾನೆ. ಫಿಕ್ಹ್ (ಇಸ್ಲಾಮಿ ಧರ್ಮಶಾಸ್ತ್ರ) ಗ್ರಂಥಗಳಲ್ಲಿ ಒಪ್ಪಿತ ಅಭಿಪ್ರಾಯದ ಪಕ್ಕದಲ್ಲೇ ದುರ್ಬಲ ಅಭಿಪ್ರಾಯವೂ ಇರುತ್ತದೆ. ಯಾವುದು ಯಾವುದೆಂಬ ಸೂಚನೆ ಒಂದೆರಡು ಪದದಷ್ಟೇ. ಮಕ್ತಬಾ ಶಾಮಿಲಾದಂಥ ಡಿಜಿಟಲ್ ಗ್ರಂಥಾಲಯದಲ್ಲಿ ಒಂದು ಪದ ಹುಡುಕಿದರೆ ಸಾವಿರಾರು ಕಿತಾಬುಗಳಿಂದ ಸಾಲುಗಳು ಬಂದು ಬೀಳುತ್ತವೆ. ಅಡಿಪಾಯವಿಲ್ಲದವನು ದುರ್ಬಲ ಅಭಿಪ್ರಾಯದ ಸಾಲನ್ನೇ ಫತ್ವಾ ಎಂದುಕೊಂಡಾನು. ಮೊದಲ ವರ್ಷಗಳಲ್ಲಿ ಫೋನ್ ದೂರ ಇಡುವುದಕ್ಕೆ ಇಷ್ಟು ಕಾರಣ ಸಾಕು. ಕೊನೆಯ ವರ್ಷಗಳಲ್ಲೂ ಅದೇ ನಿಯಮ ಯಾಕೆ ಎಂಬುದು ನನಗೆ ಅರ್ಥವಾಗುವುದಿಲ್ಲ. ಆ ಹೊತ್ತಿಗೆ ಅವನಿಗೆ ಕಿತಾಬು ಓದಲು ಬರುತ್ತದೆ, ಶಾಮಿಲಾ ಅವನಿಗೆ ಊರಲ್ಲಿ ಸಿಗದ ಗ್ರಂಥಗಳ ಕಪಾಟು.

ಈ ಚರ್ಚೆಯಲ್ಲಿ ಹುಡುಗಿಯರ ಮಾತು ಕೊನೆಗೆ ಬರುತ್ತದೆ, ಬಂದರೆ. ಪಳ್ಳಿ ದರ್ಸ್‌ನಲ್ಲಿ ಅವರಿಗೆ ಜಾಗವಿಲ್ಲ. ಮಹಿಳಾ ಷರೀಅತ್ ಕಾಲೇಜುಗಳು ಈಗ ಜಿಲ್ಲೆಯಲ್ಲಿ ಇವೆ, ಆದರೆ ದರ್ಸ್‌ನಷ್ಟು ಹತ್ತಿರ, ಊರೂರಿಗೆ ಇಲ್ಲ. ಅರಬಿ ಕಲಿತ ಎಲ್‌ಎಲ್‌ಬಿ ವಿದ್ಯಾರ್ಥಿನಿಗೆ ಮೂಲಗ್ರಂಥ ಕೈಗೆ ಸಿಗುವ ದಾರಿ ಎಷ್ಟೋ ಸಲ ಫೋನ್ ಒಂದೇ. ಉಸ್ತಾದರ ಎದುರು ಕೂತೇ ಕಲಿಯಬೇಕು ಎನ್ನುವವರು, ಯಾರನ್ನು ಎದುರು ಕೂರಿಸಿಕೊಳ್ಳುತ್ತೇವೆ ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಪಾಲು ಸರಿಯಾಗಿ ಬಂದ ಮೇಲೂ ಒಂದು ತೊಡಕು ಉಳಿಯುತ್ತದೆ. ಮುಸ್ಲಿಮರ ವಾರಸಿಕೆಗೆ ಷರೀಅತ್ತನ್ನು ಅನ್ವಯಿಸಿದ 1937ರ ಷರೀಅತ್ ಕಾಯ್ದೆ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಮದ್ರಾಸ್ ಸರ್ಕಾರ 1949ರಲ್ಲಿ ತಿದ್ದುಪಡಿ ತಂದು ಆ ವಿನಾಯಿತಿಯನ್ನು ತೆಗೆಯಿತು. ಆಗ ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, 1956ರ ನವೆಂಬರಿನಲ್ಲಿ ಮೈಸೂರಿಗೆ ಸೇರಿತು. ಘಟ್ಟದ ಮೇಲಿನ ಶಿವಮೊಗ್ಗ ಎಂದೂ ಮದ್ರಾಸಿನದಾಗಿರಲಿಲ್ಲ. ಬಿಕರ್ನಕಟ್ಟೆಯಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 169 ಎರಡೂ ಕಡೆಯನ್ನು ಜೋಡಿಸುತ್ತದೆ. ಒಂದೇ ಕುಟುಂಬಕ್ಕೆ ಮೂಡುಬಿದಿರೆ ಹತ್ತಿರ ಒಂದು ಅಡಿಕೆ ತೋಟ, ತೀರ್ಥಹಳ್ಳಿ ಹತ್ತಿರ ಇನ್ನೊಂದು ಇದ್ದರೆ ಯಾವ ತೋಟಕ್ಕೆ ಯಾವ ಕಾಯ್ದೆ? ಹಳೆಯ ಕಾಯ್ದೆಗಳ ಪ್ರತಿಗಳು ಈಗ ಫೋನಿನಲ್ಲೇ ತೆರೆದುಕೊಳ್ಳುತ್ತವೆ. ಏನನ್ನು ಹುಡುಕಬೇಕೆಂದು ತರಗತಿಯಲ್ಲಿ ಯಾರಾದರೂ ಹೇಳಿಕೊಟ್ಟಿರಬೇಕು, ಅಷ್ಟೆ.